ನಿಮ್ಮ ಸೆರಗು ಯಾವುದು?

ಸ್ವಂತ ಲೇಬಲ್ ಶುರುಮಾಡಿದ ಮೊದಲ ವರ್ಷ ಇಳಕಲ್ಲಿಗೆ ಹೋಗಿ ಹಿರಿಯ ನೇಕಾರರೊಬ್ಬರ ಕುಣಿಮಗ್ಗದ ಮುಂದೆ ಕೂತಿದ್ದೆ. ಕೈಯಲ್ಲೊಂದು ಚಿತ್ರ: ಬೂದು ಒಡಲು, ಬೂದು ದಡಿ, ಸೆರಗೂ ಬೂದು. ಬೆಂಗಳೂರಿನ ಗಿರಾಕಿಗಳಿಗೆ ಕೆಂಪು ಸೆರಗು ಹಿಡಿಸುವುದಿಲ್ಲ ಎಂದು ವಿವರಿಸಿದೆ. ಅವರು ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ ವಾಪಸು ಕೊಟ್ಟರು. “ನೋಡವಾ ತಂಗಿ, ಒಡಲ ಹೆಂಗ ಬೇಕಂತಿ ಹಂಗ ನೇದ ಕೊಡ್ತೀನಿ. ಬಣ್ಣ ನಿಂದು, ನೂಲ ನಿಂದು. ಸೆರಗಿಗೆ ಮಾತ್ರ ಕೈ ಹಚ್ಚಬ್ಯಾಡ. ಸೆರಗ ಹೋತಂದ್ರ ಅದು ಬರೇ ಸೀರಿ.”

ಆಗ ಅದು ಹಟ ಅನ್ನಿಸಿತ್ತು. ಧಾರವಾಡಕ್ಕೆ ಮರಳುವ ಬಸ್ಸಿನಲ್ಲಿ ಆ ಮಾತು ತಲೆಯಲ್ಲಿ ಸುತ್ತತೊಡಗಿತು. ಇಳಕಲ್ ಸೀರೆಯ ಒಡಲು ಹತ್ತಿಯದ್ದೂ ಉಂಟು, ರೇಷ್ಮೆಯದ್ದೂ ಉಂಟು, ಕಾಸು ಕಡಿಮೆ ಇದ್ದವರಿಗೆ ಆರ್ಟ್ ಸಿಲ್ಕಿನದ್ದೂ ಉಂಟು. ದಡಿಯಲ್ಲಿ ಗೋಮಿ, ಚಿಕ್ಕಿ ಪರಾಸ, ಗಾಡಿ ಎಂದು ಹಲವು ಬಗೆ. ಇಷ್ಟೆಲ್ಲ ಬದಲಾದರೂ ಸೆರಗು ಮಾತ್ರ ಕೆಂಪು, ನಡುವೆ ಬಿಳಿಯ ಪಟ್ಟೆ, ಅದರ ಅಂಚಿನಲ್ಲಿ ಹಣಗಿ, ಕೋಟೆಯ ತೆನೆ, ಜೋಳದ ತೆನಿ. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಮೈಮುರಿಯುವ ಕೆಲಸ. ಆದರೂ ಬಿಟ್ಟಿಲ್ಲ. ಸಂತೆಯ ಗದ್ದಲದಲ್ಲಿ ನಾಲ್ಕು ಮಾರು ದೂರದಿಂದಲೇ ಇಳಕಲ್ ಎಂದು ಗುರುತಿಸಲು ಆಗುವುದು ಆ ಸೆರಗಿನಿಂದಲೇ.

ಸ್ವತಂತ್ರವಾಗಿ ಉಡುಪು ವಿನ್ಯಾಸ ಮಾಡುವವರು ಯಾವಾಗಲೂ ನನ್ನನ್ನು ಕೇಳುವುದು ಒಂದೇ: ಗಿರಾಕಿ ಒಂದು ಹೇಳುತ್ತಾರೆ, ಅಂಗಡಿಯವರು ಇನ್ನೊಂದು, ಮನೆಯವರು ಮತ್ತೊಂದು, ಇವರ ನಡುವೆ ನನ್ನತನ ಉಳಿಸಿಕೊಳ್ಳುವುದು ಹೇಗೆ? ಉತ್ತರ ಹುಡುಕುವ ಮೊದಲು ಒಂದು ಮಾತು ಇತ್ಯರ್ಥ ಆಗಬೇಕು. ನಿಮ್ಮ ಬಟ್ಟೆಯಲ್ಲಿ ಸೆರಗು ಯಾವುದು, ಒಡಲು ಯಾವುದು?

ಕೈಬೆರಳಿಗೆ ಸಿಗುವಂಥದ್ದು ಬೇಕು

“ನನ್ನ ಶೈಲಿ ಸರಳ, ಸುಂದರ, ಸಮಕಾಲೀನ” ಎಂದು ಬರೆದಿಟ್ಟುಕೊಂಡರೆ ಅದು ಯಾವ ಒತ್ತಡದಲ್ಲೂ ನಿಮ್ಮನ್ನು ಕಾಯುವುದಿಲ್ಲ. ಏನು ಮಾಡಿದರೂ ಅದಕ್ಕೆ ಹೊಂದುತ್ತದೆ. ನಾನು ಮಾಡಿದ್ದನ್ನು ಹೇಳುತ್ತೇನೆ, ನೀವೂ ಮಾಡಿ ನೋಡಿ. ಇದುವರೆಗೆ ಹೊಲಿದ ಉಡುಪುಗಳಲ್ಲಿ ಹತ್ತು ಹನ್ನೆರಡನ್ನು ತೆಗೆದು ಹಗ್ಗಕ್ಕೆ ಸಾಲಾಗಿ ತೂಗುಹಾಕಿ. ನಡುನಡುವೆ ಬೇರೆಯವರ ಬಟ್ಟೆಯನ್ನೂ ಸೇರಿಸಿ, ಲೇಬಲ್‌ಗಳ ಮೇಲೆ ಕಾಗದ ಅಂಟಿಸಿ. ನಿಮ್ಮ ಕೆಲಸ ಗೊತ್ತಿರುವ ಒಬ್ಬರನ್ನು ಕರೆದು, ನಿಮ್ಮವು ಯಾವುವು ಎಂದು ಆರಿಸಲು ಹೇಳಿ. ಆರಿಸಿದ್ದು ಸರಿಯೋ ತಪ್ಪೋ ಮುಖ್ಯವಲ್ಲ. ಯಾವುದನ್ನು ನೋಡಿ ಆರಿಸಿದಿರಿ ಎಂದು ಕೇಳಿ, ಅವರ ಬೆರಳು ಎಲ್ಲಿಗೆ ಹೋಗುತ್ತದೆ ಗಮನಿಸಿ.

ನನ್ನ ಹಗ್ಗದ ಮುಂದೆ ನಿಂತ ಗೆಳತಿಯ ಬೆರಳು ಎರಡು ಕಡೆ ಹೋಯಿತು. ಒಂದು, ಖಣದ ದಡಿ ತೋಳಿನ ತುದಿಗೂ ಕೊರಳಿಗೂ ಸರಿಯಾಗಿ ಬಂದು ಕೂರುವ ಕತ್ತರಿಕೆ. ಗುಳೇದಗುಡ್ಡದ ಖಣ ಕುಬಸಕ್ಕೆಂದೇ ನೇಯುತ್ತ ಬಂದ ಬಟ್ಟೆ. ಪನ್ನ ಕಿರಿದು, ಎರಡೂ ಕಡೆ ದಡಿ. ಆ ದಡಿಯನ್ನು ಹೊಲಿಗೆಯೊಳಗೆ ಮಡಚಿ ಮುಚ್ಚದೆ, ಅದಕ್ಕೆ ಒಪ್ಪುವಂತೆ ಉಡುಪಿನ ಆಕಾರವನ್ನೇ ಬದಲಿಸುವುದು ನನ್ನ ರೂಢಿಯಾಗಿತ್ತು. ಹಾಗೆಂದು ನನಗೇ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಇನ್ನೊಂದು, ಕಸೂತಿ: ಎಳೆ ಎಣಿಸಿ ಹಾಕಿದ್ದು, ಗಂಟಿಲ್ಲದ್ದು, ಗವಂತಿ ಹೊಲಿಗೆಯಾದರೆ ಒಳಗೂ ಹೊರಗೂ ಒಂದೇ ರೀತಿ ಕಾಣುವಂಥದ್ದು.

ಆ ರಾತ್ರಿ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಎರಡು ಸಾಲು ಬರೆದೆ. ದಡಿ ಮುಚ್ಚುವುದಿಲ್ಲ. ಕಸೂತಿ ಕೈಯಲ್ಲೇ, ಎಣಿಸಿಯೇ. ಉಳಿದ ಕೊರಳು, ತೋಳಿನ ಉದ್ದ, ಬಣ್ಣ, ಜೇಬು, ಗುಂಡಿ, ಲೈನಿಂಗ್ ಎಲ್ಲ ಒಡಲು. ಅಲ್ಲಿ ಯಾರು ಏನು ಕೇಳಿದರೂ ಕಿವಿಗೊಡುತ್ತೇನೆ. ಬಿಟ್ಟುಕೊಡದ ಮಾತು ಎರಡಕ್ಕಿಂತ, ಬಹಳವೆಂದರೆ ಮೂರಕ್ಕಿಂತ ಹೆಚ್ಚಿರಬಾರದು. ಎಲ್ಲವೂ ಸೆರಗೇ ಎಂದು ಹೊರಟವರು ಒಂದೋ ಎಲ್ಲರೊಂದಿಗೂ ಜಗಳವಾಡಿ ದಣಿಯುತ್ತಾರೆ, ಇಲ್ಲವೇ ಒಂದು ದಿನ ಎಲ್ಲವನ್ನೂ ಒಟ್ಟಿಗೆ ಬಿಟ್ಟುಬಿಡುತ್ತಾರೆ.

ಒಂದು ತಪ್ಪನ್ನೂ ಹೇಳಬೇಕು. ನನ್ನ ಮೊದಲ ಕುರ್ತಾಗಳ ಕಂಕುಳು ಬಿಗಿಯಿತ್ತು. ನೇರ ಗೆರೆಯ ಆ ಕಟ್ಟು ನನಗೆ ಪ್ರಾಣ. ಮೂವರು ಹೆಣ್ಣುಮಕ್ಕಳು ಬೇರೆ ಬೇರೆ ಸಮಯದಲ್ಲಿ ಬಂದು, ಇದನ್ನು ಹಾಕಿಕೊಂಡು ಸ್ಕೂಟಿಯ ಹ್ಯಾಂಡಲ್ ಹಿಡಿಯಲು ಆಗುವುದಿಲ್ಲ ಎಂದರು. ಮೂರನೆಯವರು ಹೇಳುವವರೆಗೂ ಅದನ್ನು ನನ್ನ ಕಲೆಯ ಪ್ರಶ್ನೆ ಮಾಡಿಕೊಂಡಿದ್ದೆ. ನಿಜದಲ್ಲಿ ಅದು ಪ್ಯಾಟರ್ನಿನ ದೋಷ. ಕಂಕುಳಲ್ಲಿ ಸಣ್ಣದೊಂದು ಚೌಕದ ತುಂಡು ಸೇರಿಸಿದೊಡನೆ ಗೆರೆಯೂ ಉಳಿಯಿತು, ತೋಳೂ ಏರಿತು. ಮೈಗೆ ನೋವಾಗುತ್ತದೆ, ಕೈ ಎತ್ತಲಾಗುವುದಿಲ್ಲ, ಒಗೆದರೆ ಬಣ್ಣ ಬಿಡುತ್ತದೆ ಎಂಬ ದೂರು ಬಂದಾಗ ಅದನ್ನು ಅಭಿರುಚಿಯ ಜಗಳವೆಂದು ತಿಳಿಯಬೇಡಿ. ಗಿರಾಕಿ ಅಲ್ಲಿ ಯಾವಾಗಲೂ ಸರಿ.

ಕಸೂತಿಯ ಗೋಪುರ, ತೇರು, ಆನೆ ಅಂಬಾರಿ, ತುಳಸಿಕಟ್ಟೆ ಇವು ನನ್ನವಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಚಂದ್ರಕಾಳಿ ಸೀರೆಯ ಮೇಲೆ ತಲೆತಲಾಂತರದಿಂದ ಹೆಣ್ಣುಮಕ್ಕಳು ಹಾಕುತ್ತ ಬಂದ ಚಿತ್ತಾರ ಅವು. ಅವನ್ನು ಎಲ್ಲಿ ಇಡುತ್ತೇನೆ, ಎಷ್ಟು ಜಾಗ ಖಾಲಿ ಬಿಡುತ್ತೇನೆ ಎಂಬಷ್ಟೇ ನನ್ನ ಪಾಲು. ಪರಂಪರೆಯ ಕಸುಬು ಬಳಸುವವರು ಈ ಗಡಿಯನ್ನು ಮನಸ್ಸಿನಲ್ಲಿ ಖಚಿತ ಮಾಡಿಕೊಂಡರೆ, ಇನ್ನೊಬ್ಬರು ಗೋಪುರ ಹಾಕಿದ್ದನ್ನು ಕಂಡು ಕಳವು ಎಂದು ಕೊರಗುವುದು ನಿಲ್ಲುತ್ತದೆ. ಕಾನ್ಪುರದ ಹತ್ತಿರದ ಹಳ್ಳಿಯಿಂದ ಬಂದ ವಿನ್ಯಾಸಕ ರಾಹುಲ್ ಮಿಶ್ರಾ 2014ರಲ್ಲಿ ಅಂತರರಾಷ್ಟ್ರೀಯ ವುಲ್‌ಮಾರ್ಕ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ. 2020ರ ಜನವರಿಯಲ್ಲಿ ಪ್ಯಾರಿಸ್ಸಿನ ಹೋಟ್ ಕೂಚರ್ ವಾರದಲ್ಲಿ ಉಡುಪು ಪ್ರದರ್ಶಿಸಿದ ಮೊದಲ ಭಾರತೀಯರೂ ಅವರೇ. ಪ್ಯಾರಿಸ್ಸಿಗೆ ಹೋಗುವಾಗ ಅವರು ಕೈಕಸೂತಿಯನ್ನು ಬಿಟ್ಟು ಹೋಗಲಿಲ್ಲ. ಅದನ್ನೇ ಇನ್ನಷ್ಟು ದಟ್ಟ ಮಾಡಿಕೊಂಡು ಹೋದರು. ಸೂಜಿದಾರ ಅವರು ಹುಟ್ಟುಹಾಕಿದ್ದಲ್ಲ. ಅದರಿಂದ ಬಿಡಿಸಿದ ಹೂವು, ಕಾಡು, ಕೀಟಗಳ ಲೋಕ ಮಾತ್ರ ನೋಡಿದೊಡನೆ ಅವರದೆಂದು ತಿಳಿಯುತ್ತದೆ.

ಲೆಕ್ಕ ಬರದಿದ್ದರೆ ಸೆರಗು ನಿಲ್ಲುವುದಿಲ್ಲ

ನನ್ನ ಅನುಭವದಲ್ಲಿ ಕಲಾವಿದರು ತಮ್ಮ ದಾರಿ ಬಿಡುವುದು ಯಾರೋ ಮನವೊಲಿಸಿದ್ದರಿಂದಲ್ಲ. ತಿಂಗಳ ಕೊನೆಗೆ ಬಾಡಿಗೆ ಕಟ್ಟಲು ಹಣವಿಲ್ಲದ್ದರಿಂದ. ಆದ್ದರಿಂದ ಈ ಭಾಗವನ್ನು ನಿಧಾನವಾಗಿ ಓದಿ.

ಒಂದು ಖಣದ ಕುರ್ತಾ ತೆಗೆದುಕೊಳ್ಳೋಣ, ಎದೆಯ ಭಾಗದಲ್ಲಿ ಕೈಕಸೂತಿ. ಉದಾಹರಣೆಗೆ ಬಟ್ಟೆ 950 ರೂಪಾಯಿ. ಕಸೂತಿಗೆ ನಾಲ್ಕು ದಿನ, ದಿನಕ್ಕೆ 600ರಂತೆ 2,400. ಹೊಲಿಗೆ 450. ಲೈನಿಂಗ್, ಗುಂಡಿ, ದಾರ 200. ಇಲ್ಲಿಗೆ 4,000. ಹೊಸಬರು ಬಹಳಷ್ಟು ಜನ ಇದರ ಮೇಲೆ ಐನೂರು ಇಟ್ಟು ಮಾರಿಬಿಡುತ್ತಾರೆ. ಬಾಡಿಗೆ, ಕರೆಂಟು, ಕೆಟ್ಟುಹೋದ ಸ್ಯಾಂಪಲ್, ಫೋಟೋ, ಕೊರಿಯರ್ ಎಂದು ಪ್ರತಿ ಉಡುಪಿನ ತಲೆಗೆ 700 ಬೀಳುತ್ತದೆ ಎಂದುಕೊಳ್ಳಿ. ನಿಮ್ಮ ಸ್ವಂತ ಕೂಲಿ 800 ಸೇರಿಸಿ. ಅದನ್ನು ಲಾಭದಿಂದ ತೆಗೆದುಕೊಳ್ಳುತ್ತೇನೆ ಎನ್ನಬೇಡಿ, ಮೊದಲೇ ಬರೆಯಿರಿ. 5,500 ಆಯಿತು. ಇನ್ನು ಇದನ್ನು ಬುಟಿಕ್‌ನಲ್ಲಿಟ್ಟು ಮಾರಿದರೆ, ಅವರು ಮಾರಿದ ಬೆಲೆಯ ಶೇ 40 ಇಟ್ಟುಕೊಳ್ಳುವುದಾದರೆ, ನಿಮ್ಮ ಕೈಗೆ 5,500 ಬರಬೇಕೆಂದರೆ ಬೆಲೆ 9,170 ರೂಪಾಯಿ ಇರಬೇಕು. ಜಿಎಸ್‌ಟಿ ಇದರ ಮೇಲೆ.

ಜಿಎಸ್‌ಟಿಯ ಗೆರೆಯನ್ನೂ ಗಮನದಲ್ಲಿಡಿ. 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪು ಒಂದಕ್ಕೆ 2,500 ರೂಪಾಯಿವರೆಗೆ ಶೇ 5, ಅದನ್ನು ದಾಟಿದರೆ ಶೇ 18. ನೋಂದಣಿ ಇರುವವರು 2,600ಕ್ಕೆ ಬೆಲೆ ಇಟ್ಟರೆ ಗಿರಾಕಿ ಕೊಡುವ ಹಣ ಒಂದೇ ಏಟಿಗೆ ಏರುತ್ತದೆ. ಕೈಕೆಲಸ ಹೆಚ್ಚಿರುವ ಉಡುಪು ಈ ಗೆರೆಯ ಕೆಳಗೆ ಬರುವುದು ಕಷ್ಟ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಗೆರೆಯ ಕೆಳಗೆ ತರಲೆಂದು ಕಸೂತಿಯವರ ದಿನಗೂಲಿ ಕತ್ತರಿಸುವುದು ನನ್ನ ಮಟ್ಟಿಗೆ ಕ್ಷಮಿಸಲಾಗದ ತಪ್ಪು.

ಇಷ್ಟು ಲೆಕ್ಕ ಹಾಕಿದ ಮೇಲೆ ನಾನು ಕೆಲಸವನ್ನು ಎರಡು ಸಾಲಾಗಿ ಒಡೆದೆ. ಕಸೂತಿ ಇರುವುದನ್ನು ಮನೆಯಿಂದ, ಮೇಳದಿಂದ ನಾನೇ ಮಾರುತ್ತೇನೆ, ಬುಟಿಕ್‌ಗೆ ಕೊಡುವುದಿಲ್ಲ. ಬುಟಿಕ್‌ಗೆ ಹೋಗುವುದು ಕಸೂತಿಯಿಲ್ಲದ, ದಡಿಯ ಕತ್ತರಿಕೆಯಷ್ಟೇ ಇರುವ ಸರಳ ಉಡುಪು. ಇವೆರಡೂ ಸಾಲದ ತಿಂಗಳಲ್ಲಿ ಜಾಬ್ ವರ್ಕ್ ಮಾಡುತ್ತೇನೆ: ಮದುವೆಯ ಬ್ಲೌಸು, ಶಾಲೆಯ ನಾಟಕದ ವೇಷ, ಫಾಲ್, ಪಿಕೋ. ಅದರಲ್ಲಿ ನಾಚಿಕೆಯಿಲ್ಲ. ಒಂದೇ ಕಟ್ಟುನಿಟ್ಟು, ಆ ಬಟ್ಟೆಗೆ ನನ್ನ ಲೇಬಲ್ ಹೊಲಿಯುವುದಿಲ್ಲ. ಹೊಟ್ಟೆಪಾಡಿನ ಕೆಲಸ ಬಾಡಿಗೆ ಕಟ್ಟುತ್ತದೆ, ಆ ಧೈರ್ಯದಿಂದ ಲೇಬಲಿನ ಕೆಲಸ ತನ್ನ ಪಾಡಿಗೆ ನಡೆಯುತ್ತದೆ. ಇವೆರಡು ಬೆರೆತಾಗಲೇ ಗೊಂದಲ.

ಗಲ್ಲೆಯ ಹಿಂದೆ ಯಾರು ಕೂತಿದ್ದಾರೋ ಮಾತು ಅವರದೇ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಬೆಳೆದ ಮಹಿಳಾ ಸಹಕಾರ ಸಂಘ ಚರಕ, ಕೈಮಗ್ಗ ಮತ್ತು ನೈಸರ್ಗಿಕ ಬಣ್ಣವನ್ನೇ ತನ್ನ ಸೆರಗು ಮಾಡಿಕೊಂಡಿತು. ಅಡಿಕೆ ಬೇಯಿಸಿದ ಚೊಗರೂ ಅಲ್ಲಿ ಬಣ್ಣ. ಇಂಥ ಬಣ್ಣ ಪ್ರತಿ ಸಲವೂ ಒಂದೇ ಛಾಯೆಯಲ್ಲಿ ಬರುವುದಿಲ್ಲ. ನೂರು ಅಂಗಿ ನೂರೂ ಒಂದೇ ಇರಲಿ ಎನ್ನುವ ವರ್ತಕನಿಗೆ ಅದು ದೋಷ. ಚರಕದ ಬಟ್ಟೆ ಮಾರಲೆಂದೇ ದೇಸಿ ಅಂಗಡಿಗಳು ಹುಟ್ಟಿದ್ದರಿಂದ ಅದನ್ನು ಅರ್ಥ ಮಾಡಿಕೊಂಡು ಕೊಳ್ಳುವವರು ಅಲ್ಲಿಗೇ ಬಂದರು. ನಿಮಗೆ ಅಂಗಡಿ ಹಾಕುವ ಶಕ್ತಿ ಇಲ್ಲದಿರಬಹುದು. ತಿಂಗಳಿಗೆ ಒಂದು ಭಾನುವಾರ ಮನೆಯ ಪಡಸಾಲೆಯಲ್ಲಿ ಹಗ್ಗ ಕಟ್ಟಿ ಬಟ್ಟೆ ತೂಗುಹಾಕಿದರೂ ಅದು ನಿಮ್ಮದೇ ಗಲ್ಲೆ.

ಇಲ್ಲ ಎನ್ನುವ ದಿನ

ನಾಲ್ಕನೆಯ ವರ್ಷ ದೊಡ್ಡ ಊರಿನ ಅಂಗಡಿಯೊಂದು ಇನ್ನೂರು ಕುರ್ತಾಗಳಿಗೆ ಆರ್ಡರ್ ಕೊಡಲು ಬಂತು. ಚಿತ್ತಾರ ನಿಮ್ಮದೇ ಇರಲಿ, ಕಂಪ್ಯೂಟರ್ ಎಂಬ್ರಾಯ್ಡರಿ ಮಾಡಿಸಿ, ಟ್ಯಾಗ್ ಮೇಲೆ ‘ಧಾರವಾಡದ ಕೈಕಸೂತಿ’ ಎಂದೇ ಇರಲಿ ಎಂದರು. ಮುಂಗಡ ಹಣವನ್ನೂ ಮೇಜಿನ ಮೇಲಿಟ್ಟರು. ಆ ತಿಂಗಳು ನನಗೆ ಹಣದ ತೀರಾ ಅಗತ್ಯವಿತ್ತು. ಒಂದು ರಾತ್ರಿ ಪೂರ್ತಿ ಯೋಚಿಸಿದೆ. ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ, ಆ ಹೆಸರಲ್ಲಿ ಮಷಿನ್ ಕೆಲಸ ಮಾರುವುದು ಕೊಳ್ಳುವವರಿಗೆ ಮಾಡುವ ಮೋಸ. ಅದಕ್ಕಿಂತ ಹೆಚ್ಚು ಕಾಡಿದ್ದು ನನ್ನ ಜತೆ ಕೂತು ಎಳೆ ಎಣಿಸುವ ಐವರು ಹೆಣ್ಣುಮಕ್ಕಳ ಮುಖ. ಬೆಳಿಗ್ಗೆ ಆಗುವುದಿಲ್ಲ ಎಂದೆ. ಮುಂದಿನ ಮೂರು ತಿಂಗಳು ಬ್ಲೌಸು ಹೊಲಿದು ಕಳೆದೆವು. ಆ ಅಂಗಡಿ ಬೇರೆಯವರಿಂದ ಮಾಡಿಸಿಕೊಂಡಿತು, ಮಾಲು ಚೆನ್ನಾಗಿಯೇ ಹೋಯಿತು.

ಆ ಅನುಭವದಿಂದ ಇಲ್ಲ ಎನ್ನುವ ಬಗೆ ಕಲಿತೆ. ಮೊದಲು, ಯಾವ ದೊಡ್ಡ ಆರ್ಡರಿಗೂ ಕೇಳಿದ ದಿನವೇ ಉತ್ತರ ಕೊಡುವುದಿಲ್ಲ. ಎರಡು ದಿನ ತೆಗೆದುಕೊಂಡು ಲೆಕ್ಕದ ಪುಸ್ತಕದ ಮೊದಲ ಪುಟ ತೆರೆದು ನೋಡುತ್ತೇನೆ. ಕೇಳಿದ್ದು ಒಡಲಿನ ಬದಲಾವಣೆಯಾದರೆ ಸಂತೋಷದಿಂದ ಒಪ್ಪುತ್ತೇನೆ. ಸೆರಗಿನದ್ದಾದರೆ ಬರಿಗೈಯಲ್ಲಿ ಕಳಿಸುವುದಿಲ್ಲ, ಅದೇ ಬೆಲೆಗೆ ನನ್ನಿಂದಾಗುವುದು ಏನು ಎಂದು ಮುಂದಿಡುತ್ತೇನೆ: ಇನ್ನೂರರ ಬದಲು ಅರವತ್ತು, ಎದೆ ತುಂಬ ಕಸೂತಿಯ ಬದಲು ಜೇಬಿನ ಮೇಲೊಂದು ಗೋಪುರ. ಅನೇಕರು ಒಪ್ಪಿದ್ದಾರೆ. ಒಪ್ಪಿದ್ದನ್ನೆಲ್ಲ ಕಾಗದದ ಮೇಲೆ ಬರೆಯಬೇಕು. ಎಷ್ಟು ಉಡುಪು, ಟ್ಯಾಗ್ ಮೇಲೆ ಏನಿರುತ್ತದೆ, ಮಾರಾಟವಾಗದ್ದು ಎಷ್ಟು ದಿನಕ್ಕೆ ವಾಪಸು, ಕಲೆಯಾಗಿ ಬಂದರೆ ನಷ್ಟ ಯಾರದು, ಹಣ ಯಾವ ತಾರೀಖಿಗೆ. ಬುಟಿಕ್‌ನವರು ಪರಿಚಯದವರು, ಬರೆಯುವುದೇಕೆ ಎಂದು ಸಂಕೋಚಪಡಬೇಡಿ.

ನಕಲಿನ ಮಾತು ಬಂದರೆ ಕಾನೂನು ನಮ್ಮ ಪರವಾಗಿ ತಾನಾಗಿ ನಿಲ್ಲುವುದಿಲ್ಲ. ನಮ್ಮ ದೇಶದ ಕೃತಿಸ್ವಾಮ್ಯ ಕಾನೂನಿನ ಪ್ರಕಾರ, ವಿನ್ಯಾಸವಾಗಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ಚಿತ್ತಾರವೊಂದನ್ನು ಹಕ್ಕುದಾರರೋ ಅವರ ಅನುಮತಿ ಪಡೆದವರೋ ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದೊಡನೆ ಅದರ ಮೇಲಿನ ಕೃತಿಸ್ವಾಮ್ಯ ಮುಗಿಯುತ್ತದೆ. ರಿತು ಕುಮಾರ್ ಅವರ ಉಡುಪುಗಳ ಹಿಂದಿರುವ ರಿತಿಕಾ ಕಂಪನಿ ಇನ್ನೊಂದು ಉಡುಪು ಕಂಪನಿ ಬಿಬಾ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ 2016ರಲ್ಲಿ ದೆಹಲಿ ಹೈಕೋರ್ಟ್ ಹೇಳಿದ್ದೂ ಇದನ್ನೇ. ಆದ್ದರಿಂದ ನಿಮ್ಮದೇ ಹೊಸ ಪ್ರಿಂಟ್, ಹೊಸ ಆಕಾರವಿದ್ದು ಅದನ್ನು ಹೆಚ್ಚು ಸಂಖ್ಯೆಯಲ್ಲಿ ತಯಾರಿಸುವ ಇರಾದೆಯಿದ್ದರೆ 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿ. 10 ವರ್ಷದ ರಕ್ಷಣೆ, ಬೇಕಾದರೆ ಇನ್ನೂ 5 ವರ್ಷ. ಆದರೆ ಅರ್ಜಿ ಹಾಕುವ ಮೊದಲು ಅದು ಹೊರಗೆ ಕಾಣಿಸಿಕೊಂಡಿರಬಾರದು. ಹೊಲಿದ ಸಂಭ್ರಮಕ್ಕೆ ಆ ಸಂಜೆಯೇ ಇನ್‌ಸ್ಟಾಗ್ರಾಮ್‌ಗೆ ಹಾಕಿಬಿಟ್ಟರೆ ಹೊಸತನದ ಹಕ್ಕು ಹೋದಂತೆ. ಎಲ್ಲವನ್ನೂ ನೋಂದಾಯಿಸುವ ಶಕ್ತಿ ಸಣ್ಣವರಿಗೆ ಇರುವುದಿಲ್ಲ; ವರ್ಷಕ್ಕೆ ಒಂದೋ ಎರಡೋ ಆರಿಸಿಕೊಳ್ಳಿ.

ಹೆಸರನ್ನಂತೂ ತಪ್ಪದೆ ನೋಂದಾಯಿಸಿ. ಉಡುಪಿನದ್ದು ಟ್ರೇಡ್‌ಮಾರ್ಕಿನ 25ನೇ ವರ್ಗ, ಅವಧಿ 10 ವರ್ಷ, ನವೀಕರಿಸಬಹುದು. ಸ್ವಂತ ಹೆಸರನ್ನೇ ಲೇಬಲ್ಲಿಗೆ ಇಡುವವರು ಇನ್ನೊಂದು ಮಾತು ತಿಳಿದಿರಬೇಕು. ಅಮೆರಿಕದ ವಿನ್ಯಾಸಕ ಹಾಲ್‌ಸ್ಟನ್ 1973ರಲ್ಲಿ ತಮ್ಮ ಉದ್ಯಮವನ್ನು ಹೆಸರಿನ ಸಮೇತ ನಾರ್ಟನ್ ಸೈಮನ್ ಕಂಪನಿಗೆ ಮಾರಿದರು. ಎಂಬತ್ತರ ದಶಕದಲ್ಲಿ ಕಂಪನಿ ಕೈಯಿಂದ ಕೈಗೆ ಹೋಗುತ್ತಿದ್ದಂತೆ ಅವರು ತಮ್ಮದೇ ಹೆಸರಿನಲ್ಲಿ ಉಡುಪು ವಿನ್ಯಾಸ ಮಾಡುವ ಹಕ್ಕನ್ನು ಕಳೆದುಕೊಂಡರು. ಜರ್ಮನಿಯ ಜಿಲ್ ಸ್ಯಾಂಡರ್ 1999ರಲ್ಲಿ ತಮ್ಮ ಕಂಪನಿಯ ಹತೋಟಿಯನ್ನು ಪ್ರಾಡಾಗೆ ಬಿಟ್ಟುಕೊಟ್ಟು, 2000ದ ಆರಂಭದಲ್ಲೇ ಭಿನ್ನಾಭಿಪ್ರಾಯದಿಂದ ಹೊರಬಂದರು; ಹೆಸರು ಅಲ್ಲೇ ಉಳಿಯಿತು. ನಮ್ಮ ಮಟ್ಟದಲ್ಲಿ ಇದು ಸೋದರಮಾವನೋ ಗೆಳತಿಯೋ ಪಾಲುದಾರರಾಗಿ ಐದು ಲಕ್ಷ ಹಾಕುವ ರೂಪದಲ್ಲಿ ಬರುತ್ತದೆ. ಅವರು ಬಿಟ್ಟುಹೋದರೆ, ಅಥವಾ ನೀವು ಬಿಟ್ಟುಹೋದರೆ, ಹೆಸರು ಯಾರದು? ಹಣ ಮುಟ್ಟುವ ಮೊದಲು ಈ ಒಂದು ಸಾಲು ಕರಾರಿನಲ್ಲಿ ಇರಲಿ.

ಮಗ್ಗದ ವೇಳೆ

ಟ್ಯುನೀಷಿಯಾದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಬದುಕಿದ ವಿನ್ಯಾಸಕ ಅಝೆದಿನ್ ಅಲಾಯಾ ಫ್ಯಾಷನ್ ವಾರದ ಕ್ಯಾಲೆಂಡರಿಗೆ ಓಗೊಡುತ್ತಿರಲಿಲ್ಲ. ಬಟ್ಟೆ ಸಿದ್ಧವಾದಾಗ, ತಮ್ಮದೇ ಜಾಗದಲ್ಲಿ ತೋರಿಸುತ್ತಿದ್ದರು. 2017ರಲ್ಲಿ ತೀರಿಕೊಳ್ಳುವವರೆಗೂ ಪ್ಯಾಟರ್ನ್ ಕತ್ತರಿಸುವ ಕೆಲಸ ಅವರ ಕೈ ಬಿಡಲಿಲ್ಲ. ಅವರಷ್ಟು ದೊಡ್ಡ ಹೆಸರಿಲ್ಲದ ನಾವು ಶ್ರಾವಣ, ದಸರಾ, ದೀಪಾವಳಿ, ಮದುವೆಯ ಕಾಲಗಳನ್ನು ಬಿಟ್ಟು ಬದುಕಲಾಗದು. ಆದರೆ ಹಬ್ಬಕ್ಕೆ ಹೊಸತು ಎಂದು ಓಡುವ ಬದಲು ಮಗ್ಗದಿಂದ ಹಿಂದಕ್ಕೆ ಎಣಿಸುತ್ತ ಬರುವುದನ್ನು ರೂಢಿ ಮಾಡಿಕೊಳ್ಳಬಹುದು. ಹಾಸು ಹೂಡಿದ ಮೇಲೆ ಅದರ ಬಣ್ಣ ಬದಲಿಸಲಾಗದು; ಆ ಹಾಸು ಮುಗಿಯುವವರೆಗೂ ಅದೇ. ಹಾಗಾಗಿ ದೀಪಾವಳಿಗೆ ಉಡುಪು ಬೇಕೆಂದರೆ ಬಣ್ಣದ ತೀರ್ಮಾನ ಬೇಸಿಗೆಯಲ್ಲೇ ಆಗಬೇಕು. ಆಗ ಮಾರುಕಟ್ಟೆಯಲ್ಲಿ ಯಾವ ಬಣ್ಣ ಓಡುತ್ತಿದೆ ಎಂದು ನೋಡಿ ಪ್ರಯೋಜನವಿಲ್ಲ, ದೀಪಾವಳಿ ಹೊತ್ತಿಗೆ ಅದು ಹಳತಾಗಿರುತ್ತದೆ. ನಿಮ್ಮ ಕಣ್ಣನ್ನೇ ನಂಬಿ ಆರಿಸುವುದು ಅನಿವಾರ್ಯ. ಕೈಮಗ್ಗ ನನಗೆ ಮಾಡಿದ ದೊಡ್ಡ ಉಪಕಾರ ಇದು.

ಬೇರೆಯವರ ಚಿತ್ರಗಳನ್ನು ದಿನವಿಡೀ ಫೋನಿನಲ್ಲಿ ನೋಡುವುದನ್ನೂ ಆ ತಿಂಗಳುಗಳಲ್ಲಿ ನಿಲ್ಲಿಸುತ್ತೇನೆ. ಅದರ ಬದಲು ಒಂದು ಡಬ್ಬಿ ಇಟ್ಟಿದ್ದೇನೆ. ಪ್ರತಿ ಉಡುಪು ಕತ್ತರಿಸಿದಾಗ ಉಳಿದ ಅಂಗೈ ಅಗಲದ ತುಂಡು, ಅದಕ್ಕೊಂದು ಚೀಟಿ: ನೂಲು ಎಲ್ಲಿಯದು, ಎಷ್ಟು ದಿನ ಹಿಡಿಯಿತು, ಎಷ್ಟಕ್ಕೆ ಹೋಯಿತು, ಕೊಂಡವರು ಏನೆಂದರು, ನನಗೆ ಏನು ಹಿಡಿಸಲಿಲ್ಲ. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಯುಗಾದಿಯ ಹಿಂದುಮುಂದು, ಎಲ್ಲವನ್ನೂ ಚಾಪೆಯ ಮೇಲೆ ಹರಡಿಕೊಂಡು ಕೂರುತ್ತೇವೆ. ಕಸೂತಿಯ ಐವರೂ ಇರುತ್ತಾರೆ. ಮೊದಲ ಪುಟದ ಎರಡು ಸಾಲು ಈಗಲೂ ಸರಿಯೇ ಎಂಬ ಪ್ರಶ್ನೆಯನ್ನು ಆ ದಿನ ಮಾತ್ರ ಎತ್ತುತ್ತೇನೆ. ಆರ್ಡರ್ ಮೇಜಿನ ಮೇಲಿರುವ ದಿನ ಎತ್ತುವುದಿಲ್ಲ. ಕಳೆದ ಸಲ ಅವರಲ್ಲಿ ಕಿರಿಯವಳು, “ಅಕ್ಕಾ, ದಡಿ ಮುಚ್ಚಬಾರದು ಅಂತೀರಿ, ಹೊಟ್ಟೀ ಮ್ಯಾಲ ಅಡ್ಡ ಬಂದಾಗ ಚಂದ ಕಾಣಂಗಿಲ್ಲ, ಖರೇ ಹೇಳ್ರಿ” ಎಂದಳು. ತುಂಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಅವಳ ಮಾತು ಸರಿಯಿತ್ತು. ಸಾಲು ಅಳಿಸಲಿಲ್ಲ, ‘ಕೊರಳು, ತೋಳು, ಕೆಳಗಿನ ಅಂಚಿನಲ್ಲಿ’ ಎಂದು ಅದರ ಪಕ್ಕಕ್ಕೆ ಸೇರಿಸಿದೆ. ಈಗ ಗುಳೇದಗುಡ್ಡದ ಮಗ್ಗದ ಮೇಲೆ ನೆಲ್ಲಿಕಾಯಿ ಬಣ್ಣದ ಹಾಸು ಇದೆ, ಅದರ ದಡಿಯನ್ನು ಈ ಹೊಸ ಸಾಲಿನಂತೆಯೇ ಕತ್ತರಿಸಬೇಕು.